ಹುಲ್ಲು ವಿಶ್ರಾಂತಿ ಪಡೆದ ವಾರ

ಮಾನ್ಯ ಕ್ರೀಡಾಂಗಣ ಆಡಳಿತಾಧಿಕಾರಿಗಳೇ,

ನಮ್ಮ ಕ್ರೀಡಾಂಗಣದ ಹುಲ್ಲು ಹಾಳಾದದ್ದು ರಗ್ಬಿ ತಂಡದಿಂದ, ಆ ಕಾರಣಕ್ಕೇ ಫುಟ್‌ಬಾಲ್ ಪಂದ್ಯದಲ್ಲಿ ಒಬ್ಬ ಆಟಗಾರ್ತಿಯ ಮಂಡಿಗೆ ಪೆಟ್ಟಾಯಿತು, ಆದ್ದರಿಂದ ರಗ್ಬಿಯವರು ಇನ್ನು ಮುಂದೆ ಬೇರೆ ಮೈದಾನ ನೋಡಿಕೊಳ್ಳತಕ್ಕದ್ದು ಎಂಬ ತಮ್ಮ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಓದಿದೆ. ಆ ಆಟಗಾರ್ತಿ ನನ್ನ ಮಗಳು. ತಾವು ಕೊಟ್ಟ ಕಾರಣವನ್ನು ನಾನು ನಂಬುವುದಿಲ್ಲ. ತಾವೂ ನಂಬಿಲ್ಲ ಎಂಬ ಅನುಮಾನ ನನ್ನದು. ಅದನ್ನು ನಾಲ್ಕು ಜನರ ಮುಂದೆ ಹೇಳಿಬಿಡೋಣ ಎಂದು ಈ ಬಹಿರಂಗ ಪತ್ರ.

ನಾನು ಹಲ್ಲಿನ ವೈದ್ಯ. ಕ್ರೀಡಾಂಗಣದ ಪೂರ್ವದ ಗೇಟಿನ ಎದುರಿನ ಕಟ್ಟಡದಲ್ಲಿ, ಮೊದಲ ಮಹಡಿಯಲ್ಲಿ, ನನ್ನ ಕ್ಲಿನಿಕ್ ಇದೆ. ಕುರ್ಚಿಯಲ್ಲಿ ಒರಗಿದ ರೋಗಿಗೆ ಕಾಣುವುದು ಚಾವಣಿ, ನನಗೆ ಕಾಣುವುದು ಮೈದಾನ. ಅನುಮಾನ ನನ್ನ ವೃತ್ತಿಯಿಂದ ಬಂದ ಗುಣ. "ಏನೂ ನೋವಿಲ್ಲ ಡಾಕ್ಟ್ರೇ, ಸುಮ್ನೆ ಬಂದೆ" ಎನ್ನುವವರ ಬಾಯಿಯನ್ನು ನಾನು ಎರಡು ಸಲ ನೋಡುತ್ತೇನೆ. ಹೊರಗಿನಿಂದ ಬೆಳ್ಳಗೆ ಹೊಳೆಯುವ ಹಲ್ಲಿನ ಬುಡದಲ್ಲಿ ಏನಿದೆ ಎಂದು ತಟ್ಟಿ ನೋಡದೆ ಹೇಳಲು ಬರುವುದಿಲ್ಲ. ತಮ್ಮ ಪ್ರಕಟಣೆಯೂ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

ಮೊದಲು ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುತ್ತೇನೆ. ಒಂದೇ ಮೈದಾನದಲ್ಲಿ ಎರಡು ಆಟ ಆಡಿದರೆ ಹುಲ್ಲು ಸವೆಯುತ್ತದೆ. ಫುಟ್‌ಬಾಲ್‌ನವರು ಓಡಿ ಸವೆಸುತ್ತಾರೆ. ರಗ್ಬಿಯವರು ಸ್ಕ್ರಮ್ ಎಂಬ ಹೆಸರಿನಲ್ಲಿ ಎರಡೂ ಕಡೆಯ ದಾಂಡಿಗರನ್ನು ಎದುರುಬದುರು ಬಾಗಿಸಿ, ಭುಜಕ್ಕೆ ಭುಜ ಕೊಟ್ಟು ತಳ್ಳಾಡಿ, ಬೂಟಿನ ಮೊಳೆಗಳಿಂದ ನೆಲ ಕೆದರುತ್ತಾರೆ. ನಾನು ಮೊದಲ ಸಲ ನೋಡಿದಾಗ ಯಾರೋ ಕಳೆದುಕೊಂಡ ಉಂಗುರವನ್ನು ಎಲ್ಲರೂ ಸೇರಿ ಹುಡುಕುತ್ತಿದ್ದಾರೆ ಎಂದುಕೊಂಡಿದ್ದೆ. ಹೀಗೆ ಕೆದರಿದ್ದನ್ನು ಅವರೇ ತುಳಿದು ಸರಿಮಾಡಿ ಹೋಗುತ್ತಿದ್ದರು. ದಿನ ಬಿಟ್ಟು ದಿನದ ಲೆಕ್ಕದಲ್ಲಿ ಎರಡೂ ತಂಡಗಳು ವರ್ಷಗಟ್ಟಲೆ ಆಡಿಕೊಂಡು ಬಂದವು. ಹುಲ್ಲು ತೆಳ್ಳಗಿತ್ತು, ಆದರೆ ಇತ್ತು. ನೆಲ ಯಾರ ಕಾಲನ್ನೂ ನುಂಗಿರಲಿಲ್ಲ.

ಈ ಎರಡು ಆಟಗಳ ಸಹಬಾಳ್ವೆ ನನಗೆ ಗೊತ್ತಿರುವುದು ಕಿಟಕಿಯಿಂದ ಮಾತ್ರ ಅಲ್ಲ. ನನ್ನ ಮಗಳು ಫುಟ್‌ಬಾಲ್ ತಂಡದ ಮುಂಪಡೆಯವಳು. ನನ್ನ ಹೆಂಡತಿಯ ತಮ್ಮ, ಅಂದರೆ ಅವಳ ಸೋದರಮಾವ, ರಗ್ಬಿ ತಂಡದ ಹಳೆಯ ಆಟಗಾರ, ಈಗ ತರಬೇತುದಾರ. ಹೊಟ್ಟೆಪಾಡಿಗೆ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ತಂಡದವರು ಅವನನ್ನು ಗೋಡೆ ಎಂದು ಕರೆಯುತ್ತಾರೆ. ನಮ್ಮ ಬಾಗಿಲಲ್ಲಿ ಅವನು ನಿಂತರೆ ಆ ಹೆಸರು ಯಾಕೆ ಬಂತೆಂದು ಯಾರೂ ಕೇಳುವುದಿಲ್ಲ. ಮಗಳಿಗೆ ಅವನಿಟ್ಟ ಹೆಸರು ಮಿಡತೆ. ಅವಳು ಚಿಕ್ಕವಳಿದ್ದಾಗ ನಮ್ಮ ಹಾಸಿಗೆಗಳನ್ನೆಲ್ಲ ನೆಲಕ್ಕೆ ಎಳೆದು, ಓಡುತ್ತಾ ಬೀಳುವುದು ಹೇಗೆ, ಬಿದ್ದಾಗ ಕೈಯೂರದೆ ಭುಜದ ಮೇಲೆ ಉರುಳುವುದು ಹೇಗೆ ಎಂದು ಕಲಿಸಿದವನು ಅವನೇ. ವಾರಕ್ಕೊಮ್ಮೆ ರಾತ್ರಿಯೂಟಕ್ಕೆ ಅವನು ನಮ್ಮ ಮನೆಗೆ ಬರುವುದು ರೂಢಿ. ಊಟಕ್ಕಿಂತ ಅವರಿಬ್ಬರ ಜಗಳವೇ ನಮಗೆ ರುಚಿ. ಒಬ್ಬರು ಕಾಲಿನ ಆಟ ದೊಡ್ಡದು ಎನ್ನುವರು, ಇನ್ನೊಬ್ಬರು ಕೈಯ ಆಟ ದೊಡ್ಡದು ಎನ್ನುವರು. ಕೊನೆಗೆ ನನ್ನಾಕೆ, "ಇಬ್ರೂ ಕೈಕಾಲು ಎರಡೂ ಉಪಯೋಗಿಸಿ ಪಾತ್ರೆ ತೊಳೀರಿ" ಎಂದು ತೀರ್ಪು ಕೊಡುವಳು.

ಇಂಥ ಮನೆಯೊಳಕ್ಕೆ ತಾವು ಬಂದಿರಿ. ಕಾಲಿಟ್ಟು ಅಲ್ಲ, ಮಾತಿನಿಂದ.

ಪಂದ್ಯಗಳ ಋತುವಿನ ನಡುವೆ ಒಂದು ದಿನ ಎರಡೂ ತಂಡಗಳಿಗೆ ತಮ್ಮ ಕಚೇರಿಯಿಂದ ಸೂಚನೆ ಬಂತು. ಹುಲ್ಲಿಗೆ ದಣಿವಾಗಿದೆ, ಒಂದು ವಾರ ವಿಶ್ರಾಂತಿ ಬೇಕು, ಯಾರೂ ಒಳಗೆ ಬರಬಾರದು. ಹುಲ್ಲಿನ ಮೇಲಿನ ತಮ್ಮ ಮಮತೆ ಕಂಡು ನನಗೂ ಮನಸ್ಸು ಕರಗಿತು. ಮರುದಿನ ಬೇಲಿಯುದ್ದಕ್ಕೂ ಎತ್ತರದ ನೀಲಿ ಟಾರ್ಪಾಲು ಕಟ್ಟಿದರು. ಮಲಗಿದವರಿಗೆ ಪರದೆ ಬೇಕು, ಒಪ್ಪಿದೆ. ಆಮೇಲೆ ಲಾರಿಗಳು ಒಳಗೆ ಹೋದವು. ಮಲಗಿರುವವರ ಕೋಣೆಗೆ ಲಾರಿ ಏಕೆ? ಟಾರ್ಪಾಲಿನ ಮೇಲಂಚಿನಿಂದ ಕಬ್ಬಿಣದ ಕಂಬಗಳ ತಲೆ ಕಾಣಿಸತೊಡಗಿತು. ನಾನು ಒಬ್ಬ ವೃದ್ಧೆಯ ದವಡೆ ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡುತ್ತಿದ್ದಾಗ ಅಲ್ಲಿಂದ ಧ್ವನಿವರ್ಧಕವೊಂದು "ಹಲೋ, ಹಲೋ, ಚೆಕ್" ಎಂದು ಗುಡುಗಿತು. ಆಕೆ ಬಾಯಿ ತೆರೆದುಕೊಂಡೇ ಬೆಚ್ಚಿದರು, ನನ್ನ ಡ್ರಿಲ್‌ನಿಂದ ಅವರ ನಾಲಗೆ ಕೂದಲೆಳೆಯಲ್ಲಿ ಪಾರಾಯಿತು. ವಾರದ ಕೊನೆಗೆ ಗಾಜಿಗೆ ಕಪ್ಪು ಹಾಳೆ ಅಂಟಿಸಿದ ಕಾರುಗಳು ಸಾಲಾಗಿ ಬಂದವು. ಗೇಟಿನಲ್ಲಿ ನಿಂತಿದ್ದ ಹೊಸ ಮುಖದವನೊಬ್ಬ "ಆಹ್ವಾನಿತರಿಗೆ ಮಾತ್ರ" ಎಂದು ನನ್ನನ್ನು ಹಿಂದಕ್ಕೆ ಕಳಿಸಿದ. ಟಾರ್ಪಾಲು ಬಿಚ್ಚಿದ ಮೇಲೆ ನೋಡಿದರೆ ವಿಶ್ರಾಂತಿ ಪಡೆದ ಹುಲ್ಲು ಹಾಸಿಗೆ ಹಿಡಿದವರ ಹಾಗಿತ್ತು. ಉತ್ತರದ ಗೋಲಿನ ಮುಂದೆ ಅಲ್ಲಲ್ಲಿ ಹೊಸ ಹುಲ್ಲಿನ ತೇಪೆಗಳು, ಸುತ್ತಲ ಹಸಿರಿಗೆ ಹೊಂದದ ಹಸಿರು.

ಅದಾದ ಮೇಲೆಯೇ ತಮ್ಮ ಮಾತುಗಳು ಶುರುವಾದದ್ದು. ಫುಟ್‌ಬಾಲ್ ತಂಡದ ನಾಯಕಿಯನ್ನು ಕರೆಸಿ, "ನಾವೇನು ಮಾಡೋಣಮ್ಮ, ಆ ರಗ್ಬಿಯೋರು ನೆಲ ಉತ್ತುಹಾಕ್ತಾರೆ, ತುಳಿದು ಸರಿಮಾಡೋದೂ ಬಿಟ್ಟಿದ್ದಾರೆ" ಎಂದಿರಿ. ರಗ್ಬಿ ತಂಡದವರನ್ನು ಬೇರೆ ದಿನ ಕರೆಸಿ, "ಫುಟ್‌ಬಾಲ್‌ನೋರು ನಿಮ್ಮನ್ನ ಹೊರಗೆ ಹಾಕಿ ಅಂತ ದಿನಾ ಬಂದು ಕೂರ್ತಾರೆ, ನಾನೇ ತಡೆದಿಟ್ಟಿದೀನಿ" ಎಂದಿರಿ. ಎರಡೂ ಮಾತು ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದೇ ಸಂಜೆ ಬಂದು ಕೂತವು.

"ಮಾಮ, ನಿಮ್ಮೋರು ಪ್ರಾಕ್ಟೀಸ್ ಆದ್ಮೇಲೆ ನೆಲ ತುಳಿದು ಹೋಗೋದು ನಿಲ್ಸಿದ್ದಾರಂತೆ?" ಎಂದಳು ಮಗಳು.

"ಯಾರು ಹೇಳಿದ್ದು?"

"ಸ್ಟೇಡಿಯಂ ಆಫೀಸಲ್ಲೇ ಹೇಳಿದ್ರು."

"ಹಾಗಾದ್ರೆ ನಮ್ಮನ್ನ ಒದ್ದು ಓಡಿಸಿ ಅಂತ ದೂರು ಕೊಟ್ಟಿದ್ದು ನಿಮ್ಮೋರೇ ತಾನೆ? ಅದನ್ನೂ ಆಫೀಸಲ್ಲೇ ಹೇಳಿದ್ರು."

"ನಾವು ಯಾರೂ ದೂರು ಕೊಟ್ಟಿಲ್ಲ."

"ನಾವೂ ತುಳಿಯೋದು ನಿಲ್ಸಿಲ್ಲ."

ಇಬ್ಬರೂ ನಿಜ ಹೇಳುತ್ತಿದ್ದರು, ಇಬ್ಬರಿಗೂ ಎದುರಿನವರು ಸುಳ್ಳು ಹೇಳಿದಂತೆ ಕಂಡಿತು. ಮಗಳು, "ನೀನು ಅವರ ಪರ ನಿಂತೇ ನಿಲ್ತೀಯ ಬಿಡು" ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಬಾಮೈದ ಅರ್ಧ ಊಟ ಬಿಟ್ಟು ಚಪ್ಪಲಿ ಮೆಟ್ಟಿದ. ಮುಂದಿನ ವಾರ ಅವನು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. "ತಮ್ಮನಿಗೆ ಫೋನ್ ಮಾಡಿದ್ರೆ ಕಲಿಯೋರು ಗಾಡೀಲಿ ಇದ್ದಾರೆ ಅಂತಾನೆ ರೀ. ಇಡೀ ಊರೇ ಒಟ್ಟಿಗೆ ಗಾಡಿ ಕಲೀತಿದ್ಯಾ?" ಎಂದು ನನ್ನಾಕೆ ನನ್ನನ್ನು ಕೇಳಿದಳು.

ಆಮೇಲೆ ಆ ಪಂದ್ಯ. ಅಪ್ಪನಾಗಿ ನಾನು ಗ್ಯಾಲರಿಯಲ್ಲಿದ್ದೆ. ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಮಗಳಿಗೆ ಬಲಗಡೆಯಿಂದ ಚೆಂಡು ಸಿಕ್ಕಿತು. ಅವಳ ಮುಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇರಲಿಲ್ಲ. ಉತ್ತರದ ಗೋಲಿನ ಕಡೆ ಓಡಿದವಳು ಒದೆಯಲು ಎಡಗಾಲು ಊರಿದಳು, ಕಾಲು ಪಾದದ ಮೇಲಿನವರೆಗೆ ನೆಲದೊಳಕ್ಕೆ ಇಳಿದುಹೋಯಿತು. ದೇಹ ಮುಂದಕ್ಕೆ ಹೋಯಿತು, ಮಂಡಿ ಹಿಂದೆಯೇ ಉಳಿಯಿತು. ಉರುಳುವುದನ್ನು ಕಲಿತವಳೇ, ಆದರೆ ಕಾಲನ್ನು ನೆಲ ಹಿಡಿದುಕೊಂಡರೆ ಯಾವ ವಿದ್ಯೆ ತಾನೆ ಏನು ಮಾಡೀತು. ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮುಖ ಒತ್ತಿಕೊಂಡಳು. ಸ್ಟ್ರೆಚರ್ ಇಟ್ಟ ಕೋಣೆಗೆ ಬೀಗ ಹಾಕಿತ್ತು, ಕೀಲಿ ಯಾರ ಬಳಿಯೂ ಇರಲಿಲ್ಲ. ಅಷ್ಟರಲ್ಲಿ ಗ್ಯಾಲರಿಯ ತುತ್ತತುದಿಯಿಂದ ಒಬ್ಬ ದಪ್ಪನೆಯ ಮನುಷ್ಯ ಮೆಟ್ಟಿಲು ಹಾರಿಕೊಂಡು, ಬೇಲಿ ದಾಟಿ ಓಡಿಬಂದ. ಮಾತು ಬಿಟ್ಟಿದ್ದ ಮಾಮ ಯಾರಿಗೂ ಹೇಳದೆ ಟಿಕೆಟ್ ಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಮಗುವನ್ನು ಎತ್ತುವ ಹಾಗೆ ಅವಳನ್ನು ಎತ್ತಿಕೊಂಡು ಗೇಟಿನಿಂದ ಹೊರಗೆ ನಡೆದ. ತನ್ನ ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ, ಹಿಂದೆ ಮುಂದೆ ಕೆಂಪು ಅಕ್ಷರದ ಫಲಕ ಹೊತ್ತ ಆ ಗಾಡಿಯಲ್ಲೇ, ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದ.

ಮಂಡಿಯ ಲಿಗಮೆಂಟ್ ಹರಿದಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದು ಡಾಕ್ಟರು ಹೇಳಿಹೋದ ಮೇಲೆ ಮಗಳು ಮಾಮನ ಮುಖ ನೋಡಿ ಒಂದೇ ಮಾತು ಅಂದಳು: "ನಿಮ್ಮೋರು ಅಗೆದ ಗುಂಡಿ ಅದು." ಅವನು ತಲೆ ತಗ್ಗಿಸಿ ಹೊರಗೆ ಹೋದ. ಕಾರಿಡಾರಿನ ಬೆಂಚಿನ ಮೇಲೆ ಅವನು ಕೂತಿದ್ದ ರೀತಿಯನ್ನು ತಾವು ನೋಡಬೇಕಿತ್ತು. ಎದುರು ತಂಡದವರೆಲ್ಲ ಸೇರಿ ತಳ್ಳಿದರೂ ಜಗ್ಗದವನು ಒಂದು ಮಾತಿಗೆ ಕುಸಿದಿದ್ದ. "ಭಾವ, ನಿಜವಾಗ್ಲೂ ನಮ್ಮಿಂದಾನೇ ಆಯ್ತಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಆಗ ಗೊತ್ತಿರಲಿಲ್ಲ.

ಎರಡು ದಿನಕ್ಕೆ ತಮ್ಮ ಪ್ರಕಟಣೆ ಬಂತು. ರಗ್ಬಿಯವರ ಮೇಲಿನ ಆರೋಪದ ಜೊತೆಗೆ ಕೊನೆಯಲ್ಲಿ ಇನ್ನೊಂದು ಸಾಲು: "ಮೈದಾನದ ಹುಲ್ಲಿನ ಮೇಲೆ ಈ ಋತುವಿನಲ್ಲಿ ಯಾವುದೇ ಖಾಸಗಿ ಕಾರ್ಯಕ್ರಮ ನಡೆದಿರುವುದಿಲ್ಲ." ಸ್ವಾಮಿ, ನಡೆದಿದೆ ಎಂದು ಯಾರು ಹೇಳಿದ್ದರು? ಯಾವ ಪತ್ರಿಕೆ ಬರೆದಿತ್ತು? ಯಾರೂ ಕೇಳದ ಪ್ರಶ್ನೆಗೆ ಇಷ್ಟು ಮುತುವರ್ಜಿಯ ಉತ್ತರ ಏಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಕೇಳಿದ್ದೇನೆ. ಕುಂಬಳಕಾಯಿಯ ಸುದ್ದಿಯನ್ನೇ ಯಾರೂ ಎತ್ತದಿರುವಾಗ ಹೆಗಲು ಒರೆಸಿಕೊಂಡವರನ್ನು ಮೊದಲ ಸಲ ನೋಡಿದೆ. ಆ ಸಾಲು ಇಲ್ಲದಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ.

ಫುಟ್‌ಬಾಲ್ ನಾಯಕಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗೋಲಿನ ಬಲೆ ಬಿಚ್ಚಿಕೊಳ್ಳಲು ಅವಳಿಗೆ ಮೈದಾನದೊಳಗೆ ಹೋಗುವ ಅನುಮತಿ ಇತ್ತು. ಒಂದು ಬೆಳಿಗ್ಗೆ ನಾನೂ ಬಾಮೈದನೂ ಅವಳ ಜೊತೆ ಹೋದೆವು. ಮಗಳ ಕಾಲು ಇಳಿದ ಜಾಗಕ್ಕೆ ಹೋಗಿ ನಾಯಕಿ ತನ್ನ ಕೊಡೆಯ ಮೊನೆ ಊರಿದಳು. ಕೊಡೆ ಹಿಡಿಯವರೆಗೆ ಒಳಗೆ ಹೋಯಿತು. ಬಾಮೈದ ಮಂಡಿಯೂರಿ ಹುಲ್ಲಿನ ತೇಪೆಯನ್ನು ಕಂಬಳಿಯ ಹಾಗೆ ಎತ್ತಿದ. ಕೆಳಗೆ ಸಡಿಲ ಮರಳು. ಮರಳನ್ನು ಕೈಯಿಂದ ತೋಡಿದರೆ ತಳದಲ್ಲಿ ಕಾಂಕ್ರೀಟ್ ತುಂಡು, ಅದರಲ್ಲಿ ಹುಗಿದ ಕಬ್ಬಿಣದ ಬಳೆ. ಗುಂಡಿ ಚೌಕಾಕಾರ, ಅಂಚುಗಳು ಅಳತೆಪಟ್ಟಿ ಇಟ್ಟು ಕೊರೆದಷ್ಟು ನೇರ. ಸ್ವಲ್ಪ ದೂರದಲ್ಲಿ ಅಂಥದೇ ಇನ್ನೊಂದು, ಆಚೆ ಮತ್ತೆರಡು. ನಾಲ್ಕನ್ನೂ ಸೇರಿಸಿ ಗೆರೆ ಎಳೆದರೆ ಒಂದು ವೇದಿಕೆಯ ಅಳತೆ. ಮಾನ್ಯರೇ, ನಮ್ಮ ಬಾಮೈದನ ಭುಜ ಅಗಲವಾಗಿದೆ, ಒಪ್ಪುತ್ತೇನೆ. ಆದರೆ ಭುಜದಿಂದ ಚೌಕದ ಗುಂಡಿ ತೋಡಿ, ತಳಕ್ಕೆ ಕಾಂಕ್ರೀಟ್ ಹಾಕುವ ಆಟಗಾರ ಇನ್ನೂ ಹುಟ್ಟಿಲ್ಲ.

ಅಷ್ಟರಲ್ಲಿ ಮೈದಾನದ ಹಳೆಯ ಕಾವಲುಗಾರ ಬಂದ. ಗುಂಡಿಯನ್ನೂ ನಮ್ಮನ್ನೂ ನೋಡಿ, ಏನೂ ಕಾಣದವನಂತೆ ಆಕಾಶ ನೋಡಿದ.

"ಆ ವಾರ ಇಲ್ಲಿ ಏನು ನಡೀತಪ್ಪ?" ಎಂದು ಕೇಳಿದೆ.

"ನಂಗೇನೂ ಗೊತ್ತಿಲ್ಲ ಸರ್. ಆ ವಾರ ನಂಗೆ ರಜೆ ಕೊಟ್ರು."

"ನೀನು ಕೇಳಿದ್ದಾ?"

"ಕೇಳಿದಾಗ ಯಾವತ್ತು ಕೊಟ್ಟಿದ್ದಾರೆ ಸರ್? ಕೇಳದೆ ಸಿಕ್ಕಿದ್ದು ಅದೊಂದೇ ಸಲ."

ಮೂವರೂ ಅಲ್ಲಿಂದ ನೇರವಾಗಿ ತಮ್ಮ ಕಚೇರಿಗೆ ಬಂದೆವು. ಒಟ್ಟಿಗೆ ಮಾತಾಡಬೇಕು ಎಂದೆವು. ತಮ್ಮ ಸಹಾಯಕರು ಒಳಗೆ ಹೋಗಿ ಬಂದು, "ಸಾಹೇಬ್ರು ಒಬ್ಬೊಬ್ಬರಾಗಿ ಬರಕ್ಕೆ ಹೇಳಿದ್ದಾರೆ" ಎಂದರು. ನಾಯಕಿಗೆ ಅಂಗಡಿಗೆ ಹೊತ್ತಾಗಿತ್ತು, ಅವಳು ಹೊರಟಳು. ಮೊದಲು ನಾನು ಒಳಗೆ ಬಂದೆ. ನಾನು ಗಾಯಗೊಂಡವಳ ತಂದೆ ಎಂಬುದು ತಮಗೆ ಗೊತ್ತಿತ್ತು. ಹೊರಗೆ ಕಾಯುತ್ತಿದ್ದ ರಗ್ಬಿ ತರಬೇತುದಾರ ನನಗೆ ಏನಾಗಬೇಕು ಎಂಬುದು ಗೊತ್ತಿರಲಿಲ್ಲ. ಹೇಳಲು ಬಾಯಿ ತೆರೆದೆ, ತಾವು ಬಿಡಲಿಲ್ಲ.

"ಕೂತ್ಕೊಳ್ಳಿ ಡಾಕ್ಟ್ರೇ. ಮಗಳ ವಿಷಯ ಕೇಳಿ ನಂಗೆ ರಾತ್ರಿ ನಿದ್ದೆ ಬಂದಿಲ್ಲ. ಆ ರಗ್ಬಿಯೋರು ಮನುಷ್ಯರೇ ಅಲ್ಲ. ನೀವು ಧೈರ್ಯವಾಗಿ ಒಂದು ದೂರು ಬರ್ಕೊಡಿ, ಮಿಕ್ಕಿದ್ದು ನಂಗೆ ಬಿಡಿ" ಎಂದಿರಿ. ಟೀ ತರಿಸಿದಿರಿ. ಚೌಕದ ಗುಂಡಿಗಳ ಬಗ್ಗೆ ಕೇಳಿದೆ. ತಮ್ಮ ಲೋಟ ತುಟಿಯ ಹತ್ತಿರ ಒಂದು ಕ್ಷಣ ನಿಂತಿತು. "ಅದಾ, ಅದು ಹಳೇ ಕಾಲದ ಚರಂಡಿ ಕೆಲ್ಸ" ಎಂದಿರಿ.

ನಾನು ಹೊರಗೆ ಬಂದೆ, ಬಾಮೈದ ಒಳಗೆ ಬಂದ. ಅವನೂ ಅದೇ ಪ್ರಶ್ನೆ ಕೇಳಿದ. "ಅದು ಫುಟ್‌ಬಾಲ್‌ನೋರು ಗೋಲ್ ಕಂಬ ಹಾಕಕ್ಕೆ ತೋಡಿದ್ದು. ನಿಮ್ಮ ಮೇಲೆ ಹೇಳ್ತಿದ್ದಾರೆ ನೋಡಿ" ಎಂದಿರಿ. ಆಮೇಲೆ ದನಿ ತಗ್ಗಿಸಿ ಒಂದು ಹಿತವಚನ: "ಆ ಹಲ್ಲಿನ ಡಾಕ್ಟ್ರು ನಿಮ್ಮ ಮೇಲೆ ಕೇಸ್ ಹಾಕ್ತಾರಂತೆ. ಈಗ ತಾನೇ ಇಲ್ಲಿ ಕೂತು ಕೂಗಾಡಿ ಹೋದ್ರು. ನಾನೇ ಸಮಾಧಾನ ಮಾಡಿ ಕಳ್ಸಿದೀನಿ. ನೀವು ಸದ್ದಿಲ್ದೆ ಬೇರೆ ಮೈದಾನಕ್ಕೆ ಹೋದ್ರೆ ಎಲ್ಲರಿಗೂ ಒಳ್ಳೇದು."

ಮೆಟ್ಟಿಲ ಮೇಲೆ ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಭಾವ, ನೀವು ನನ್ನ ಮೇಲೆ ಕೇಸ್ ಹಾಕ್ತೀರಂತೆ."

"ಯಾರಂದಿದ್ದು?"

"ಕೂಗಾಡಿದ್ರಂತೆ ಬೇರೆ."

"ನಾನು ಟೀ ಕುಡಿದೆ ಕಣೋ."

ಇಬ್ಬರಿಗೂ ನಗು ಬಂತು. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಆ ನಗು ನಿಂತೂ ಹೋಯಿತು. ನಾವು ಸಂಬಂಧಿಕರಾಗಿದ್ದರಿಂದ ಬಚಾವಾದೆವು. ಸಂಬಂಧವೇ ಇಲ್ಲದ ಇಬ್ಬರು ತಮ್ಮ ಕೋಣೆಯಿಂದ ಹೀಗೆ ಒಬ್ಬರ ಹಿಂದೆ ಒಬ್ಬರು ಹೊರಬಂದಿದ್ದರೆ ಏನಾಗುತ್ತಿತ್ತು? ಇಡೀ ಋತುವಿನಲ್ಲಿ ಎಷ್ಟು ಜನ ಹಾಗೆ ಹೊರಬಂದರು? ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಎರಡು ಮೇಕೆಗಳಿದ್ದವು, ಎರಡರ ಬಾಯಿಗೂ ಒರೆಸಿ, ಒಂದನ್ನೊಂದು ಹಾಯಲು ಬಿಟ್ಟದ್ದು ಹೊಸ ವಿದ್ಯೆ.

ಆ ಸಂಜೆ ಬಾಮೈದ ನಮ್ಮ ಮನೆಗೆ ಬಂದ. ಮಗಳ ಕೋಣೆಯ ಬಾಗಿಲಲ್ಲಿ ನಿಂತ, ಒಳಗೆ ಹೋಗಲಿಲ್ಲ. ಅವಳು ಕಟ್ಟು ಹಾಕಿದ ಕಾಲು ಚಾಚಿ ಮಲಗಿದ್ದಳು. ನಡೆದದ್ದನ್ನೆಲ್ಲ ನಾನು ಆಗಲೇ ಹೇಳಿದ್ದೆ.

"ಅಪ್ಪ ನಿನ್ನ ಮೇಲೆ ಕೇಸ್ ಹಾಕ್ತಾರೆ ಅಂದ್ರಂತೆ?" ಎಂದಳು.

"ಹೂಂ."

"ಪಕ್ಕದ ಮನೆ ನಾಯಿ ಕಚ್ಚಿದಾಗ್ಲೇ ಅಪ್ಪ ಅದರ ಆರೋಗ್ಯ ವಿಚಾರಿಸಿಕೊಂಡು ಬಂದ್ರು. ನಿನ್ನ ಮೇಲೆ ಕೇಸ್ ಹಾಕ್ತಾರಾ?" ಎಂದವಳ ದನಿ ಒಡೆಯಿತು. "ಮಾಮ, ನಾನು ಆಸ್ಪತ್ರೇಲಿ ಅಂದಿದ್ದು..."

"ಬಿಡು. ಕಾಲು ಸರಿಯಾಗಿಟ್ಕೋ. ದಿಂಬು ಯಾರಿಟ್ಟಿದ್ದು ಹೀಗೆ?" ಎಂದು ಅವನು ಒಳಗೆ ಹೋದ. ಅಡುಗೆಮನೆಯಲ್ಲಿ ನನ್ನಾಕೆ ಅಗತ್ಯಕ್ಕಿಂತ ಜೋರಾಗಿ ಪಾತ್ರೆ ಸದ್ದು ಮಾಡುತ್ತಿದ್ದಳು, ಅತ್ತು ಮೂಗೆಳೆಯುವುದು ನಮಗೆ ಕೇಳದಿರಲೆಂದು.

ಮರುದಿನ ಮೈದಾನದ ಎಲ್ಲ ಗೇಟುಗಳಿಗೂ ಹೊಸ ಬೀಗ ಬಿತ್ತು. "ದುರಸ್ತಿ ನಿಮಿತ್ತ ಮುಂದಿನ ಆದೇಶದವರೆಗೆ ಎರಡೂ ತಂಡಗಳಿಗೆ ಪ್ರವೇಶವಿಲ್ಲ." ನೀಲಿ ಟಾರ್ಪಾಲು ಮತ್ತೆ ಎದ್ದಿದೆ. ಹುಲ್ಲು ತರುವ ಗಾಡಿ ಒಂದೂ ಒಳಗೆ ಹೋದದ್ದು ನನಗೆ ಕಂಡಿಲ್ಲ. ಕಬ್ಬಿಣ ಹೊತ್ತ ಲಾರಿಗಳು ಮಾತ್ರ ಹೋಗುತ್ತಿವೆ. ದುರಸ್ತಿಯಾಗುತ್ತಿರುವುದು ಏನು? ನಾಲ್ಕು ಗುಂಡಿಗಳು ಮುಚ್ಚುತ್ತಿವೆಯೇ, ಎಂಟಾಗುತ್ತಿವೆಯೇ? ಇವೆಲ್ಲ ಬರೀ ಅನುಮಾನ ಎಂದು ತಾವು ಹೇಳಬಹುದು. ನಿಜ, ಅನುಮಾನವೇ. ಅನುಮಾನಕ್ಕೆ ಔಷಧಿ ಬೆಳಕು, ಟಾರ್ಪಾಲಲ್ಲ.

ಈಗಿನ ಸ್ಥಿತಿಯನ್ನೂ ತಿಳಿಸಿಬಿಡುತ್ತೇನೆ. ಎರಡೂ ತಂಡಗಳು ಬಾಮೈದನ ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ಅಭ್ಯಾಸ ಮಾಡುತ್ತಿವೆ. ಒಂದು ಕಡೆ ಕಲಿಯುವವರು ಎಂಟರ ಆಕಾರದಲ್ಲಿ ಗಾಡಿ ಸುತ್ತುತ್ತಾರೆ, ಇನ್ನೊಂದು ಕಡೆ ಹುಡುಗಿಯರು ಕಂಬಗಳ ನಡುವೆ ಚೆಂಡು ಓಡಿಸುತ್ತಾರೆ, ಮೂಲೆಯಲ್ಲಿ ದಾಂಡಿಗರು ತಳ್ಳಾಡುತ್ತಾರೆ. ಗಟ್ಟಿ ನೆಲ, ಮೊಣಕೈಗಳೆಲ್ಲ ತರಚಿವೆ. ನನ್ನ ಮಗಳಿಗೆ ಶಸ್ತ್ರಚಿಕಿತ್ಸೆ ಆಗಿದೆ. ನಡೆಯುತ್ತಾಳೆ, ಓಡಬಹುದು, ಮೊದಲಿನ ವೇಗದ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಅವಳು ಊರುಗೋಲು ಹಿಡಿದು ಅಂಗಳದ ಗೋಡೆಗೆ ಒರಗಿ ನಿಂತು ಎರಡೂ ತಂಡದವರನ್ನು ಬೈಯುತ್ತಾಳೆ. ತಂಡದವರು ಅವಳನ್ನು ನಗಿಸಲು ನೋಡುತ್ತಾರೆ. ಕೆಲವು ದಿನ ನಗುತ್ತಾಳೆ. ಕೆಲವು ದಿನ ಮನೆಗೆ ಬಂದ ಮೇಲೆ ಯಾರ ಜೊತೆಗೂ ಮಾತಾಡುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಹುಲ್ಲು ಮಲಗಿತ್ತೆಂದು ತಾವು ಹೇಳಿದ ವಾರ ಅದರ ಮೇಲೆ ವೇದಿಕೆ ಕಟ್ಟಿಸಿದವರು ಯಾರು ಎಂದು ಹೇಳಿ. ರಗ್ಬಿ ತಂಡದ ಮೇಲೆ ಹೊರಿಸಿದ ಮಾತನ್ನು, ಅದನ್ನು ಅಚ್ಚು ಹಾಕಿಸಿದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಿಂದಕ್ಕೆ ತೆಗೆದುಕೊಳ್ಳಿ. ಇನ್ನು ಮುಂದೆ ಎರಡೂ ತಂಡದವರನ್ನು ಒಂದೇ ಹೊತ್ತಿಗೆ, ಒಂದೇ ಕೋಣೆಗೆ ಕರೆದು ಮಾತಾಡಿ. ಅದಕ್ಕೆ ಮೊದಲು ಒಂದು ದಿನ ಗೊತ್ತು ಮಾಡಿ, ಹಗಲು ಹೊತ್ತಿನಲ್ಲಿ, ಪತ್ರಿಕೆಯವರ ಎದುರಿನಲ್ಲಿ, ಉತ್ತರದ ಗೋಲಿನ ಮುಂದಿನ ನೆಲ ಅಗೆಸಿ ನೋಡೋಣ. ಅಲ್ಲಿ ಹಳೇ ಕಾಲದ ಚರಂಡಿ ಇದ್ದರೆ ನಾನು ಅಲ್ಲೇ ನಿಂತು ತಮ್ಮ ಕ್ಷಮೆ ಕೇಳುತ್ತೇನೆ. ಕೂಲಿಯವರನ್ನು ಕರೆಸುವ ತೊಂದರೆ ತಮಗೆ ಬೇಡ. ಫುಟ್‌ಬಾಲ್‌ನವರೂ ರಗ್ಬಿಯವರೂ ಸೇರಿ ನಾವೇ ಅಗೆಯುತ್ತೇವೆ, ಹಾರೆ ಗುದ್ದಲಿಗಳನ್ನೂ ನಾವೇ ತರುತ್ತೇವೆ. ತಾವು ಗೇಟಿನ ಕೀಲಿ ತಂದರೆ ಸಾಕು.

ಇಂತಿ,
ನಂಬಬೇಕೆಂಬ ಆಸೆ ಇನ್ನೂ ಪೂರ್ತಿ ಸಾಯದ,
ಒಬ್ಬ ಹಲ್ಲಿನ ವೈದ್ಯ
(ಒಬ್ಬ ಆಟಗಾರ್ತಿಯ ಅಪ್ಪ, ಒಬ್ಬ ಆಟಗಾರನ ಭಾವ)